ಹಳೆ ವ್ಯಾಗನ್ ಆರ್‌ಗೆ ಹಗಲು ದೀಪ: ನಾಲ್ಕು ಮಳೆಗಾಲ, ಎರಡು ಜೊತೆ

ನನ್ನದು 2010ರ ವ್ಯಾಗನ್ ಆರ್. ಬೂದು ಬಣ್ಣ. ತೆಗೆದುಕೊಳ್ಳುವಾಗ ಕೊಳೆ ಕಾಣುವುದಿಲ್ಲ ಎಂದು ಈ ಬಣ್ಣ ಆರಿಸಿದ್ದೆ. ಜುಲೈಯಲ್ಲಿ ಕಾರೇ ಕಾಣುವುದಿಲ್ಲ ಎಂದು ಆಮೇಲೆ ಗೊತ್ತಾಯಿತು. ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪೆರ್ಲ, ಅಡ್ಕಸ್ಥಳ ದಾಟಿ ಪುತ್ತೂರಿಗೆ ಹೋಗುವ ನಮ್ಮ ದಾರಿ ನೋಡಿದವರಿಗೆ ಗೊತ್ತಿದೆ. ಮೇಲೆ ಮೋಡ, ಬದಿಯಲ್ಲಿ ಮರ, ಕೆಳಗೆ ಒದ್ದೆ ಟಾರು. ಹಗಲು ಹನ್ನೊಂದಕ್ಕೂ ಸಂಜೆಯ ಹಾಗೆ. 2021ರ ಮಳೆಗಾಲದಲ್ಲಿ ಒಂದು ಪಿಕಪ್ ಬಸ್ಸನ್ನು ಹಿಂದೆ ಹಾಕಿಕೊಂಡು ನನ್ನ ಎದುರಿಗೇ ಬಂತು. ನಾನು ಚರಂಡಿಗೆ ಇಳಿಸಿ ಪಾರಾದೆ. ಡ್ರೈವರ್ ನಿಲ್ಲಿಸಿ ಹೇಳಿದ್ದು ಒಂದೇ ಮಾತು: "ಕಾಣಲೇ ಇಲ್ಲ ಅಣ್ಣಾ." ಸುಳ್ಳು ಹೇಳಿದ ಅಂತ ನನಗೆ ಅನಿಸಲಿಲ್ಲ.

ಹೆಡ್‌ಲೈಟ್ ಹಾಕಿಕೊಂಡೇ ಓಡಿಸಬಹುದಲ್ವಾ ಎಂದು ಎಲ್ಲರೂ ಕೇಳುತ್ತಾರೆ. ಹಾಕಬಹುದು. ಆದರೆ ಹಳೆ ಬಲ್ಬು ಒಂದೊಂದು 55 ವ್ಯಾಟ್, ಎರಡಕ್ಕೆ 110. ಎಲ್‌ಇಡಿ ಹಗಲು ದೀಪ, ಅಂದರೆ ಎಂಜಿನ್ ಓಡುವಾಗ ಹಗಲಲ್ಲೂ ಕಾರಿನ ಮುಂದೆ ಉರಿಯುವ ಸಣ್ಣ ದೀಪ, ನನ್ನದು ಒಂದಕ್ಕೆ 6 ವ್ಯಾಟ್, ಎರಡೂ ಸೇರಿ 12 ಅಷ್ಟೇ. ಜೊತೆಗೆ ನಾನು ಮರೆಯುವ ಜಾತಿ. ಇಳಿಯುವಾಗ ಆಫ್ ಮಾಡುವುದಿಲ್ಲ, ಹತ್ತುವಾಗ ಆನ್ ಮಾಡುವುದಿಲ್ಲ. ತಾನಾಗಿ ಹತ್ತಿ ತಾನಾಗಿ ಆರುವುದೇ ನನಗೆ ಬೇಕಿತ್ತು.

2022ರ ಮೇ ತಿಂಗಳಲ್ಲಿ ಮೊದಲ ಜೊತೆ ಹಾಕಿಸಿದೆ. ಆನ್‌ಲೈನಲ್ಲಿ 650 ರೂಪಾಯಿ. ಹಲ್ಲಿಯ ಬಾಲದ ಹಾಗೆ ಬಳುಕುವ ಸಿಲಿಕಾನ್ ಪಟ್ಟಿ, ಹೆಡ್‌ಲೈಟಿನ ಕೆಳಗೆ ಅಂಟಿಸುವುದು. ಇಂಡಿಕೇಟರ್ ಹಾಕಿದರೆ ಹಳದಿ ಬೆಳಕು ಓಡುವ ಮಾದರಿ. ಅಳಿಯ ಆರಿಸಿದ್ದು, ನನ್ನನ್ನು ಬೈಯಬೇಡಿ. ಅಮ್ಮ ಜಗಲಿಯಿಂದ ನೋಡಿ, "ಕಾರಿಗೆ ಹುಬ್ಬು ತಿದ್ದಿಸಿದ್ದೀಯಾ?" ಎಂದರು.

ಹಾಕಿಕೊಟ್ಟವರು ವೈರನ್ನು ಸೀದಾ ಬ್ಯಾಟರಿಗೆ ಕೊಟ್ಟರು. ನಡುವೆ ಒಂದು ಪುಟ್ಟ ಕಪ್ಪು ಪೆಟ್ಟಿಗೆ. ಎಂಜಿನ್ ನಿಂತಾಗ ಬ್ಯಾಟರಿ 12.5 ವೋಲ್ಟ್ ಆಸುಪಾಸು ಇರುತ್ತದೆ, ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಅದನ್ನು 14ರ ಮೇಲಕ್ಕೆ ಏರಿಸುತ್ತದೆ. ಪೆಟ್ಟಿಗೆ ಆ ಏರಿಳಿತ ನೋಡಿ ದೀಪ ಹಚ್ಚುತ್ತದೆ, ಆರಿಸುತ್ತದೆ. ಉಪಾಯ ಚೆನ್ನಾಗಿದೆ. ಆದರೆ ಎಂಜಿನ್ ನಿಲ್ಲಿಸಿದ ಮೇಲೂ ಬ್ಯಾಟರಿಯ ವೋಲ್ಟೇಜ್ ಸ್ವಲ್ಪ ಹೊತ್ತು ಮೇಲೆಯೇ ಇರುತ್ತದೆ. ಹಾಗಾಗಿ ದೀಪ ಉರಿಯುತ್ತಲೇ ಇರುತ್ತದೆ. ಪೇಟೆಯಲ್ಲಿ ಪಾರ್ಕ್ ಮಾಡಿ ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಯಾರಾದರೂ ಕೂಗಿ ಕರೆಯುತ್ತಿದ್ದರು, "ಲೈಟ್ ಆಫ್ ಮಾಡಿಲ್ಲ!"

ಅದಕ್ಕಿಂತ ದೊಡ್ಡ ತಾಪತ್ರಯ ಬೇರೆ. ಆ ಪೆಟ್ಟಿಗೆ ನಿದ್ದೆ ಮಾಡುವುದೇ ಇಲ್ಲ. ವೋಲ್ಟೇಜ್ ನೋಡುತ್ತಾ ಕೂತಿರಲು ಅದಕ್ಕೂ ಕರೆಂಟ್ ಬೇಕು. ಮೀಟರ್ ಹಿಡಿದಾಗ 30 ಮಿಲಿಆಂಪ್ ತೋರಿಸಿತು. ದಿನಕ್ಕೆ ಮುಕ್ಕಾಲು ಆಂಪಿಯರ್-ಅವರ್ (ಬ್ಯಾಟರಿಯಲ್ಲಿ ಹಿಡಿಯುವ ಕರೆಂಟಿನ ಲೆಕ್ಕ) ಹತ್ತಿರ. ಅಡಿಕೆಗೆ ಮದ್ದು ಬಿಡುವ ಗಡಿಬಿಡಿಯಲ್ಲಿ ಕಾರು ಹನ್ನೆರಡು ದಿನ ಶೆಡ್ಡಿನಲ್ಲೇ ಇತ್ತು. 35 ಆಂಪಿಯರ್-ಅವರ್‌ನ ಮುದಿ ಬ್ಯಾಟರಿ, ಹೋಯಿತು. ಕೀ ತಿರುಗಿಸಿದರೆ ಟಿಕ್ ಟಿಕ್ ಅಷ್ಟೇ.

ಆಗಸ್ಟಿಗೆ ಪಟ್ಟಿಯ ಒಳಗೆ ನೀರು. ಬಲಗಡೆಯದ್ದು ಮೊದಲು ಮಿಣುಮಿಣು, ಆಮೇಲೆ ಕತ್ತಲೆ. ಎಡಗಡೆಯದ್ದು ನೇರಳೆ ಬಣ್ಣಕ್ಕೆ ತಿರುಗಿತು. ಕಿತ್ತು ಎಸೆದೆ. ಅಂಟಿನ ಕಲೆ ಮಾತ್ರ ಬಂಪರಿನಲ್ಲಿ ಇವತ್ತಿಗೂ ಇದೆ.

ಎರಡನೇ ಜೊತೆ ಅದೇ ವರ್ಷ ನವೆಂಬರಿನಲ್ಲಿ. ಬೆಲೆ 2,400. ಗಟ್ಟಿ ಪ್ಲಾಸ್ಟಿಕ್ ಗಾಜು, ಹಿಂದೆ ಅಲ್ಯೂಮಿನಿಯಂ ಬೆನ್ನು. ಎಲ್‌ಇಡಿಗೆ ನೀರಿನಷ್ಟೇ ದೊಡ್ಡ ಶತ್ರು ಬಿಸಿ, ಆ ಬಿಸಿ ಹೊರಗೆ ಹೋಗಲು ಲೋಹ ಬೇಕು. ಬೆನ್ನು ಮುಟ್ಟಿ ನೋಡಿ, ಬರೀ ಪ್ಲಾಸ್ಟಿಕ್ ಇದ್ದರೆ ಬಿಟ್ಟುಬಿಡಿ. ಗಾಜಿನ ಮೂಲೆಯಲ್ಲಿ ವೃತ್ತದೊಳಗೆ 'ಇ' ಅಕ್ಷರ, ಪಕ್ಕದಲ್ಲಿ 'ಆರ್‌ಎಲ್' ಎಂದು ಅಚ್ಚಾಗಿರುತ್ತದೆ. ಅದು ಯುರೋಪಿನ ಹಗಲು ದೀಪದ ಗುರುತು. ಅಲ್ಲಿ 2011ರಿಂದ ಹೊಸ ಮಾಡೆಲ್ ಕಾರುಗಳಿಗೆ ಇದು ಕಡ್ಡಾಯ. ಬೆಳಕು 400ರಿಂದ 1,200 ಕ್ಯಾಂಡೆಲಾ (ಬೆಳಕಿನ ತೀವ್ರತೆಯ ಅಳತೆ) ಒಳಗಿರಬೇಕು, ನೆಲದಿಂದ ಕನಿಷ್ಠ 25 ಸೆಂಟಿಮೀಟರ್ ಮೇಲೆ, ಎರಡು ದೀಪದ ನಡುವೆ ಕನಿಷ್ಠ 60 ಸೆಂಟಿಮೀಟರ್ ಅಂತರ. ಗುರುತನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು, ಅದು ಬೇರೆ ಮಾತು. ಆದರೂ ಅಳತೆ ಒಳ್ಳೆಯದು ಅನಿಸಿ ಟೇಪ್ ಹಿಡಿದುಕೊಂಡೇ ಹೋದೆ.

ಈ ಸಲ ಸಿಕ್ಕಿದ ಎಲೆಕ್ಟ್ರಿಷಿಯನ್ ಕಡಿಮೆ ಮಾತಿನ ಹುಡುಗ. ದೀಪಕ್ಕಿಂತ ಮೊದಲು ಫ್ಯೂಸ್ ಬಾಕ್ಸ್ ಬಿಚ್ಚಿದ. "ಅಣ್ಣಾ, ಇದು ಕೀ ಹಾಕಿದರೆ ಮಾತ್ರ ಬರುವ ಲೈನು. ಇಲ್ಲಿಂದ ತೆಗೆಯುವ. ಬ್ಯಾಟರಿ ಮುಟ್ಟುವುದೇ ಬೇಡ." ಕಂಪನಿ ವೈರಿಗೆ ಬ್ಲೇಡ್ ತಾಗಿಸಲಿಲ್ಲ. ಫ್ಯೂಸ್ ಇದ್ದ ಜಾಗದಲ್ಲೇ ಕವಲು ಹೊಡೆಯುವ ಫ್ಯೂಸ್ ಟ್ಯಾಪ್ ಸಿಕ್ಕಿಸಿ, 3 ಆಂಪಿಯರ್‌ನ ಬೇರೆ ಫ್ಯೂಸ್ ಹಾಕಿದ. ಇನ್ನೊಂದು ವೈರನ್ನು ಪಾರ್ಕಿಂಗ್ ಲೈಟಿನ ಲೈನಿಗೆ ರಿಲೇ (ಕರೆಂಟಿನಿಂದಲೇ ಆನ್ ಆಫ್ ಆಗುವ ಸ್ವಿಚ್) ಮೂಲಕ ಸೇರಿಸಿದ. ಲೈಟ್ ಸ್ವಿಚ್ ತಿರುಗಿಸಿದ ಕೂಡಲೇ ಹಗಲು ದೀಪ ಆರುತ್ತದೆ. ಮೊದಲ ಜೊತೆಗೆ ಇದು ಇರಲಿಲ್ಲ. ರಾತ್ರಿ ಎದುರಿನವರು ಡಿಪ್ ಮಾಡಿ ಎಂದು ಲೈಟ್ ಮಿನುಗಿಸುತ್ತಿದ್ದರು. ನಾನು ಡಿಪ್‌ನಲ್ಲೇ ಇರುತ್ತಿದ್ದೆ, ಕಣ್ಣಿಗೆ ಹೊಡೆಯುತ್ತಿದ್ದದ್ದು ಈ ಪಟ್ಟಿ! ವೈರಿಗೆಲ್ಲ ಸುರುಳಿ ಪೈಪ್ ತೊಡಿಸಿದ. ನಮ್ಮ ಶೆಡ್ಡಿನ ಪಕ್ಕ ಅಡಿಕೆ ರಾಶಿ, ಅಂದರೆ ಇಲಿ ಇದ್ದೇ ಇದೆ. ಇಷ್ಟಕ್ಕೆ ಅರ್ಧ ದಿನ, ಮಜೂರಿ 900. ನನ್ನ ಪ್ರಕಾರ ಇಡೀ ಖರ್ಚಿನಲ್ಲಿ ಬೆಲೆ ಬಾಳಿದ್ದು ಆ 900.

ಒಂದು ಸಣ್ಣ ಕಿರಿಕಿರಿ ಉಳಿದಿತ್ತು. ಬೆಳಿಗ್ಗೆ ಮಂಗಳೂರು ಆಕಾಶವಾಣಿ, 100.3, ಕೇಳುತ್ತಾ ಹೋಗುವುದು ನನ್ನ ಅಭ್ಯಾಸ. ದೀಪ ಹತ್ತಿದರೆ ರೇಡಿಯೋದಲ್ಲಿ ಸುಂಯ್ ಅನ್ನುವ ಸದ್ದು. ಹೆಡ್‌ಲೈಟ್ ಹಾಕಿದರೆ ಸ್ವಚ್ಛ. ದೀಪದ ಡ್ರೈವರ್ ಸರ್ಕ್ಯೂಟ್ ಸೆಕೆಂಡಿಗೆ ಸಾವಿರಾರು ಸಲ ಆನ್ ಆಫ್ ಆಗುತ್ತದೆ, ಅದರ ಗಲಾಟೆ ಏರಿಯಲ್‌ಗೆ ಹೋಗುತ್ತದೆ. ಫೆರೈಟ್ ಕ್ಲಿಪ್ ಎಂದು ಸಿಗುತ್ತದೆ, ಲ್ಯಾಪ್‌ಟಾಪ್ ವೈರಿನಲ್ಲಿ ಉಬ್ಬಿಕೊಂಡಿರುತ್ತದಲ್ಲ, ಅದೇ. ಎರಡು ಕಡೆಗೂ ಒಂದೊಂದು ಸಿಕ್ಕಿಸಿದೆ. ಮುಕ್ಕಾಲು ಪಾಲು ಹೋಯಿತು. ಉಳಿದದ್ದು ಎಂಜಿನ್ ಸದ್ದಿನಲ್ಲಿ ಕೇಳುವುದಿಲ್ಲ.

ಉಪಯೋಗ ಇದೆಯಾ? ಲೆಕ್ಕ ಇಟ್ಟು ತೋರಿಸುವುದಕ್ಕೆ ಆಗುವುದಿಲ್ಲ. ನೆರಳಿನ ನೇರ ರಸ್ತೆಯಲ್ಲಿ ಎದುರಿನ ಜೀಪು ಮೊದಲಿಗಿಂತ ಬೇಗ ತನ್ನ ಬದಿಗೆ ಸರಿಯುತ್ತದೆ, ಇಷ್ಟು ಖಂಡಿತ. ಕೆಲವರು ಮುಷ್ಟಿ ತೆರೆದು ಮುಚ್ಚಿ, ಲೈಟ್ ಉರಿಯುತ್ತಿದೆ ಎಂದು ಸನ್ನೆ ಮಾಡುತ್ತಾರೆ. 2017ರ ಏಪ್ರಿಲ್‌ನಿಂದ ಹೊಸ ಬೈಕುಗಳಲ್ಲೆಲ್ಲ ಹಗಲಲ್ಲೂ ಲೈಟ್ ಉರಿಯುತ್ತಿದೆ, ಆದರೂ ಕಾರಿಗೆ ಕೈ ಸನ್ನೆ ನಿಂತಿಲ್ಲ. ನನಗೆ ಖುಷಿಯೇ. ಕಂಡಿತು ಅಂತ ಅರ್ಥ ಅಲ್ವಾ? ತಿರುವಿನಲ್ಲಿ ಮಾತ್ರ ಏನೂ ಪ್ರಯೋಜನ ಇಲ್ಲ. ಗುಡ್ಡದ ಆಚೆಗೆ ಯಾವ ಎಲ್‌ಇಡಿಯೂ ಕಾಣುವುದಿಲ್ಲ, ಅಲ್ಲಿ ಹಾರನ್ನೇ ಗತಿ.

ನಾನೇ ಮಾಡಿದ ಒಂದು ತಪ್ಪು ಹೇಳಬೇಕು. ಮುಂದೆ ದೀಪ ಇದೆ ಎಂದು ಜೋರು ಮಳೆಯಲ್ಲೂ ಹೆಡ್‌ಲೈಟ್ ಹಾಕುವುದು ಬಿಟ್ಟಿದ್ದೆ. ಒಂದು ದಿನ ಹಿಂದಿನಿಂದ ಬೈಕಿನಲ್ಲಿ ಬಂದ ಭಾವ ಮನೆಗೆ ಬಂದು ಸರಿಯಾಗಿ ಬೈದರು: "ನಿನ್ನ ಕಾರಿನ ಹಿಂದೆ ಒಂದು ಕೆಂಪು ಚುಕ್ಕೆಯೂ ಇಲ್ಲ ಮಾರಾಯ!" ಹೌದು. ಹಗಲು ದೀಪ ಮುಂದೆ ಮಾತ್ರ. ಟೈಲ್ ಲ್ಯಾಂಪ್ ಅದರೊಟ್ಟಿಗೆ ಹತ್ತುವುದಿಲ್ಲ. ವೈಪರ್ ಜೋರಾಗಿ ಓಡಿಸುವಷ್ಟು ಮಳೆ ಬಂದರೆ ಈಗ ಹೆಡ್‌ಲೈಟ್ ಹಾಕುತ್ತೇನೆ.

ಕಾನೂನಿನ ವಿಷಯ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟದ್ದನ್ನು ನಾವಾಗಿ ಬದಲಿಸುವ ಹಾಗಿಲ್ಲ, ಬದಲಿಸಿದರೆ ಒಂದೊಂದಕ್ಕೂ 5,000 ರೂಪಾಯಿ ದಂಡ ಬೀಳಬಹುದು. ಕೇರಳದಲ್ಲಿ ಇದರ ಬಗ್ಗೆ ಬಿಗಿ ಜಾಸ್ತಿ. ಬಣ್ಣದ್ದು, ಮಿನುಗುವುದು ಹಾಕಿ ಪೇಚಿಗೆ ಸಿಕ್ಕಿಕೊಳ್ಳಬೇಡಿ. ಬರೀ ಬಿಳಿ ಹಾಕಿದರೂ ರಿಸ್ಕ್ ನಿಮ್ಮದೇ. 2025ರಲ್ಲಿ ಹದಿನೈದು ವರ್ಷ ತುಂಬಿ ಆರ್‌ಸಿ ನವೀಕರಣಕ್ಕೆ ಒಯ್ಯುವ ಮೊದಲು ನಾನೇ ಬಿಚ್ಚಿಟ್ಟೆ, ಆಮೇಲೆ ಮತ್ತೆ ಹಾಕಿದೆ. ಎರಡು ಬೋಲ್ಟು, ಒಂದು ಸಾಕೆಟ್. ಬಂಪರಿನ ಬಣ್ಣದ ಭಾಗ ಕೊರೆಯದೆ ಕೆಳಗಿನ ಕಪ್ಪು ಪ್ಲಾಸ್ಟಿಕ್ಕಿಗೆ ಹಾಕಿಸಿದ್ದು ಆಗ ಉಪಕಾರಕ್ಕೆ ಬಂತು.

ಈಗ ಎರಡನೇ ಜೊತೆ ಮೂರು ಮಳೆಗಾಲ, 31,000 ಕಿಲೋಮೀಟರ್ ದಾಟಿದೆ. ನೀರು ಒಳಗೆ ಹೋಗಿಲ್ಲ. ಮುರಕಲ್ಲಿನ ಕೆಂಪು ನೀರು ಕೂತು ಗಾಜು ಮಂಕಾಗುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಕಳೆದ ತಿಂಗಳು ಎಡದ ದೀಪದ ತುದಿಯಲ್ಲಿ ಮೂರು ಎಲ್‌ಇಡಿ ಒಟ್ಟಿಗೆ ಹೋದವು. ಒಳಗೆ ಮೂರು ಮೂರನ್ನು ಸಾಲಾಗಿ ಜೋಡಿಸಿರುತ್ತಾರೆ, ಒಂದು ಸತ್ತರೆ ಅದರ ಜೊತೆಗಾರರೂ ಆರುತ್ತಾರೆ. ಮೇ ತಿಂಗಳೊಳಗೆ ಬದಲಿಸಬೇಕು. ಎಡಗಡೆಯದ್ದು ಒಂದೇ ಕೊಡಿ ಎಂದು ಕೇಳಿದೆ. ಕೊಡುವುದಿಲ್ಲವಂತೆ, ಜೊತೆಯೇ ತೆಗೆದುಕೊಳ್ಳಬೇಕಂತೆ.