ಇದ್ದಿಲಿನಲ್ಲಿ ಕಾಂಡ್ಲಾ ಕಾಡು: ವಾಶಿಯ ಒಂದು ಚಿತ್ರಕಲಾ ಶಿಬಿರ

ಕಡಿದ ಕಾಡನ್ನೋ ಸುಟ್ಟ ನೆಲವನ್ನೋ ಚಿತ್ರಿಸಲು ಹೊರಟವರು ಕಪ್ಪು ಮೋಟಿನ ಮೇಲೆ ಒಂದು ಹಸಿರು ಚಿಗುರನ್ನಿಟ್ಟು ಕೆಲಸ ಮುಗಿಸಿಬಿಡುವುದುಂಟು. ನವಿ ಮುಂಬಯಿಯ ವಾಶಿಯಲ್ಲಿರುವ ಸಣ್ಣ ಸ್ಟುಡಿಯೊವೊಂದು ವಾರಾಂತ್ಯದಲ್ಲಿ ನಡೆಸುವ ಇದ್ದಿಲು ಚಿತ್ರಗಳ ಶಿಬಿರವು ಈ ಸುಲಭದ ದಾರಿಯನ್ನು ಮೊದಲ ದಿನವೇ ಮುಚ್ಚುತ್ತದೆ. ಅದು ನನಗೆ ಮೆಚ್ಚುಗೆಯಾಗಲು ಮುಖ್ಯ ಕಾರಣವೂ ಇದೇ. ಇಲ್ಲಿ ಬರೆಯುವುದು ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಮರಗಳನ್ನು, ಆದರೆ ಬಣ್ಣವಿಲ್ಲ. ನಾಶವನ್ನೂ ಮರುಹುಟ್ಟನ್ನೂ ಒಂದೇ ಕರಿಯಿಂದ ಬರೆಯಬೇಕು, ಬರೆಯುವ ಮೊದಲು ಆ ಮರ ಹೇಗೆ ಬದುಕುಳಿಯಿತೆಂಬುದನ್ನು ತಿಳಿದಿರಬೇಕು.

ಇದ್ದಿಲನ್ನೂ ಕಲಿಯುವವರೇ ಸುಡುತ್ತಾರೆ. ಮಳೆಗಾಲದಲ್ಲಿ ಮುರಿದು ಬಿದ್ದ ರಸ್ತೆಬದಿಯ ಮರಗಳ ಸಣ್ಣ ಕೊಂಬೆಗಳ ತೊಗಟೆ ಸುಲಿದು, ಒಣಗಿಸಿ, ಮುಚ್ಚಳದಲ್ಲಿ ಸಣ್ಣ ತೂತಿರುವ ತಗಡಿನ ಡಬ್ಬಿಯಲ್ಲಿ ಒತ್ತಾಗಿ ತುಂಬಿ ಬೆಂಕಿಗಿಡುತ್ತಾರೆ. ಗಾಳಿ ಸಾಲದೆ ಕಟ್ಟಿಗೆ ಬೂದಿಯಾಗುವ ಬದಲು ಕರಿಯಾಗಿ ಉಳಿಯುತ್ತದೆ. ಹೊಗೆ ನಿಂತ ಮೇಲೂ ಡಬ್ಬಿ ಪೂರ್ತಿ ತಣಿಯುವವರೆಗೆ ತೆರೆಯುವಂತಿಲ್ಲ, ತೆರೆದರೆ ಒಳಗಿನದು ಹೊತ್ತಿಕೊಳ್ಳುತ್ತದೆ. ಈ ಕಡ್ಡಿಗಳು ಅಂಗಡಿಯವುಗಳಷ್ಟು ಸಮನಾಗಿರುವುದಿಲ್ಲ, ಆದರೆ ಕೆಸರನ್ನು ಬರೆಯುವಾಗ ಆ ಒರಟುತನವೇ ಅನುಕೂಲ.

ಶಿಬಿರದ ಜೀವವಿರುವುದು ಐರೋಲಿಯ ಬಳಿ, ಠಾಣೆ ಖಾಡಿಯ (ಕಡಲಿನ ಹಿನ್ನೀರಿನ) ಅಂಚಿನಲ್ಲಿ ಕಳೆಯುವ ಬೆಳಗಿನಲ್ಲಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದು ನಗರ ಮುಳುಗಿದ ಮೇಲೆ, ನೆರೆಯನ್ನು ತಗ್ಗಿಸಬಲ್ಲ ಕಾಂಡ್ಲಾ ಕಾಡುಗಳನ್ನು ಕಡಿದು ಮಣ್ಣು ತುಂಬಿಸಿದ್ದರ ಬಗ್ಗೆ ಮುಂಬಯಿ ಗಂಭೀರವಾಗಿ ಯೋಚಿಸತೊಡಗಿತು. ಇಲ್ಲಿ ಹೆಚ್ಚಾಗಿರುವ, ಮರಾಠಿಗರು ತಿವರ ಎನ್ನುವ ಆವಿಸೆನಿಯಾ ಮರೀನಾ ಎಂಬ ಕಾಂಡ್ಲಾ ಮರ ಕೆಸರಿನಿಂದ ಪೆನ್ಸಿಲುಗಳಂತೆ ಮೇಲೆದ್ದ ಬೇರುಗಳಿಂದ ಉಸಿರಾಡುತ್ತದೆ, ಒಳಸೇರಿದ ಉಪ್ಪನ್ನು ಎಲೆಗಳ ಮೂಲಕ ಹೊರಹಾಕುತ್ತದೆ, ಕಡಿದರೂ ಮೋಟಿನಿಂದ ಮತ್ತೆ ಚಿಗುರಬಲ್ಲದು. ಕಮಾನುಬೇರುಗಳ ಇನ್ನೊಂದು ಕಾಂಡ್ಲಾ ಮರವಾದ ರೈಜೋಫೊರಾಕ್ಕೆ ಆ ಶಕ್ತಿ ತೀರ ಕಡಿಮೆ. ತಾಯಿಮರದ ಮೇಲೆಯೇ ಮೊಳೆತ ಉದ್ದನೆಯ ಸಸಿಗಳನ್ನು ಉದುರಿಸಿ ಅದು ತನ್ನ ಸಂತತಿಯನ್ನು ಉಳಿಸಿಕೊಳ್ಳುತ್ತದೆ. ಇದನ್ನು ತಿಳಿದ ಮೇಲೆ ಎರಡೂ ಮೋಟುಗಳನ್ನು ಒಂದೇ ರೀತಿ ಬರೆಯಲು ಕೈ ಬರುವುದಿಲ್ಲ. "ಚಿಗುರು ಇರುವಲ್ಲಿ ಬರೆಯಿರಿ, ಇಲ್ಲದಲ್ಲಿ ತಂದಿಡಬೇಡಿ" ಎಂದು ಕುಂದಾಪುರ ಮೂಲದ ಶಿಕ್ಷಕಿ ಹೇಳುವ ಮಾತಿನಲ್ಲಿ ಕಲೆಯ ಪ್ರಾಮಾಣಿಕತೆಯೂ ಇದೆ, ಸತ್ತ ಮರದ ಬಗೆಗಿನ ಗೌರವವೂ ಇದೆ.

ಮರಳಿ ಬಂದು ಹಾಳೆಗೆ ಪೂರ್ತಿ ಕರಿ ಬಳಿದು, ಹಿಟ್ಟಿನಂತೆ ನಾದಬಹುದಾದ ಮೆತ್ತನೆಯ ರಬ್ಬರಿನಿಂದ ಕರಿಯನ್ನು ಅಳಿಸಿ ಬೆಳಕನ್ನು ಎತ್ತುವುದನ್ನು ಕಲಿಸುತ್ತಾರೆ. ಕಡಿಮೆ ಗೆರೆಯಲ್ಲಿ ಹೆಚ್ಚು ಹೇಳುವುದಕ್ಕೆ ಅವರು ತೋರಿಸುವುದು ಕಟ್ಟಿಂಗೇರಿಯಲ್ಲಿ ಹುಟ್ಟಿ ಮುಂಬಯಿಯವರೇ ಆದ ಕೆ. ಕೆ. ಹೆಬ್ಬಾರರ ರೇಖಾಚಿತ್ರಗಳನ್ನು; ಇದಕ್ಕಿಂತ ಒಳ್ಳೆಯ ಆಯ್ಕೆ ನನಗೆ ತೋಚದು.

ಕೊರತೆಗಳೂ ಇವೆ. ಶುಲ್ಕದಲ್ಲಿ ಹಾಳೆ ಸೇರಿಲ್ಲ. ಕರಿ ಉದುರದಂತೆ ಹೊಡೆಯುವ ಸ್ಪ್ರೇಯನ್ನು ಮುಚ್ಚಿದ ಕೋಣೆಯಲ್ಲೇ ಬಳಸುತ್ತಾರೆ. ಅದನ್ನು ಹೊರಗೆ ಒಯ್ಯಲೇಬೇಕು, ಅಲ್ಲಿಯವರೆಗೆ ಉಬ್ಬಸ ಇರುವವರು ಆ ಹೊತ್ತಿಗೆ ಕೋಣೆಯಿಂದ ಹೊರಗಿರುವುದು ಒಳ್ಳೆಯದು. ಉಸಿರುಬೇರುಗಳು ಕಾಣುವುದು ನೀರಿಳಿದಾಗ ಮಾತ್ರವಾದ್ದರಿಂದ, ಹೆಸರು ನೋಂದಾಯಿಸುವ ಮುನ್ನ ಆ ಬೆಳಗಿನ ಇಳಿತದ ವೇಳೆಯನ್ನು ಕೇಳಿಕೊಳ್ಳಿ.