ಹಳೆಯ ಆಟಗಾರರ ಸನ್ಮಾನದ ಊಟ: ಅಡುಗೆಗೆ ಪೂರ್ತಿ ಅಂಕ, ಹಾಲ್‌ಗೆ ಇಲ್ಲ

ನಮ್ಮ ಹೈಸ್ಕೂಲಿನ ಹಳೆಯ ಕಬಡ್ಡಿ, ಖೋಖೋ ಆಟಗಾರರನ್ನು ಗೌರವಿಸಲು ಶಿರಸಿಯಲ್ಲಿ ಮೊನ್ನೆ ರಾತ್ರಿ ಊಟ ಇಟ್ಟುಕೊಂಡಿದ್ದೆವು. ಅಡುಗೆಯವರು ಮನಸ್ಸಿಟ್ಟು ಮಾಡಿದ್ದರು. ಅಪ್ಪೆಹುಳಿಯನ್ನು, ಅಂದ್ರೆ ಮಾವಿನಕಾಯಿಯ ತೆಳು ಸಾರನ್ನು, ಜನ ಲೋಟಕ್ಕೆ ಹಾಕಿಸಿಕೊಂಡು ಮತ್ತೆ ಮತ್ತೆ ಕುಡಿದರು, ಮಡಕೆಯ ಬೆನ್ನಿಗೆ ಹಿಟ್ಟು ಸವರಿ ಅಲ್ಲೇ ಎಬ್ಬಿಸಿಕೊಟ್ಟ ತೊಡೆದೇವು ಎಷ್ಟು ತೆಳು ಅಂದ್ರೆ ಬಾಯಲ್ಲಿಟ್ಟರೆ ಕರಗುತ್ತಿತ್ತು, ಮೇಲೆ ತುಪ್ಪ ಕೇಳಿದಷ್ಟು. ಮೊಣಕಾಲು ನೋವಿನವರಿಗೆ ನಾವು ಹೇಳುವ ಮೊದಲೇ ಟೇಬಲ್ ಹಾಕಿದ್ದರು. ಇದು ನನಗೆ ತುಂಬಾ ಹಿಡಿಸಿತು. ಹಾಲ್‌ನ ಮೈಕ್ ಮಾತ್ರ ಸರಿ ಇರಲಿಲ್ಲ. ಖೋಖೋ ತಂಡದ 12 ಹೆಸರು ಓದುವಾಗ ಹಿಂದೆ ಕೂತ ಮನೆಯವರಿಗೆ ಅರ್ಧ ಕೇಳಲೇ ಇಲ್ಲ, ಅದನ್ನು ಕೇಳಲೆಂದೇ ಬಂದವರು ಅವರು, ಬೇಜಾರಾಗುತ್ತೆ ಅಲ್ವಾ? ಹಾಲ್ ಗೊತ್ತು ಮಾಡುವ ಮುಂಚೆ ಮೈಕ್ ಹಾಕಿಸಿ ನೋಡಿ. ಅಡುಗೆಗೆ ಮುಂದಿನ ಸಲವೂ ಇವರನ್ನೇ ಕರೆಯುತ್ತೇವೆ.