ಹಲಗೆಯ ಮೇಲಿನ ಅಂಕಿ: ಬಾಹ್ಯಾಕಾಶದ ಮೂರು ಕದನ ಧಾರಾವಾಹಿಗಳು

ಕಳೆದ ಬೇಸಿಗೆಯಿಂದ ಈ ವರ್ಷದ ಯುಗಾದಿಯವರೆಗೆ ಬಾಗಲಕೋಟೆಯ ನವನಗರದ ನಮ್ಮ ಮನೆಯಲ್ಲಿ ರಾತ್ರಿ ಊಟವಾದ ಮೇಲೆ ಮೂರು ಧಾರಾವಾಹಿಗಳನ್ನು ಮೊದಲ ಕಂತಿನಿಂದ ಕೊನೆಯವರೆಗೆ ನೋಡಿದ್ದೇನೆ. ‘ದಿ ಎಕ್ಸ್‌ಪಾನ್ಸ್’ ಮತ್ತು ‘ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ’ಗಳನ್ನು ಅಕ್ಕನ ಮಗನೊಂದಿಗೆ ನೋಡಿದೆ, ‘ಸ್ಟಾರ್ ಟ್ರೆಕ್: ಡೀಪ್ ಸ್ಪೇಸ್ ನೈನ್’ ಅನ್ನು ಅವನು ಧಾರವಾಡದ ಹಾಸ್ಟೆಲ್ಲಿಗೆ ಹೋದ ಮೇಲೆ ಒಬ್ಬನೇ ಮುಗಿಸಿದೆ. ‘ಬ್ಯಾಬಿಲಾನ್ 5’ ಕೂಡ ಈ ಸಾಲಿನಲ್ಲಿ ನಿಲ್ಲಬೇಕಾದದ್ದೇ, ಆದರೆ ಅದರ ಮೊದಲ ಸೀಸನ್ನಿನಲ್ಲಿಯೇ ನಾನು ಎಡವಿ ನಿಂತಿರುವುದರಿಂದ ಅದರ ಬಗ್ಗೆ ತೀರ್ಪು ಕೊಡುವ ಹಕ್ಕು ನನಗಿಲ್ಲ.

ಮೂರನ್ನೂ ಜನ ‘ಡಾರ್ಕ್’ ಎಂದು ಕರೆಯುತ್ತಾರೆ. ದೀಪ ಮಂಕಾಗಿಸಿ, ಪಾತ್ರಗಳಿಗೆ ಗಡ್ಡ ಬಿಡಿಸಿದ ಮಾತ್ರಕ್ಕೆ ಕತೆ ಗಂಭೀರವಾಗುವುದಿಲ್ಲವಾದ್ದರಿಂದ ನಾನು ಇಟ್ಟುಕೊಂಡ ಅಳತೆ ಬೇರೆ: ಒಂದು ಕಂತಿನಲ್ಲಿ ಮಾಡಿದ ತಪ್ಪಿನ ಸಾಲ ಮುಂದಿನ ಕಂತುಗಳಲ್ಲಿ ವಸೂಲಾಗುತ್ತದೆಯೇ?

ಈ ಅಳತೆಯಲ್ಲಿ ‘ಎಕ್ಸ್‌ಪಾನ್ಸ್’ ಎಲ್ಲಕ್ಕಿಂತ ಮುಂದಿದೆ. 2015ರಿಂದ 2022ರವರೆಗೆ ಬಂದ ಇದರ 62 ಕಂತುಗಳ ಜಗಳವೆಲ್ಲ ನೀರು, ಗಾಳಿ ಮತ್ತು ಕೂಲಿಯದು. ಭೂಮಿ ಮತ್ತು ಮಂಗಳದವರು ಸೀರಿಸ್ ಎಂಬ ಕ್ಷುದ್ರಗ್ರಹದ ಹಿಮವನ್ನೆಲ್ಲ ಕೆರೆದುಕೊಂಡು ಹೋಗಿರುವುದರಿಂದ, ಅಲ್ಲಿಯೇ ದುಡಿಯುವ ಬೆಲ್ಟರ್‌ಗಳು, ಅಂದರೆ ಕ್ಷುದ್ರಗ್ರಹ ಪಟ್ಟಿಯ ನಿವಾಸಿಗಳು, ಶನಿಯ ಉಂಗುರಗಳಿಂದ ಹಡಗು ಹೊತ್ತು ತರುವ ಮಂಜುಗಡ್ಡೆಯ ದಾರಿ ಕಾಯಬೇಕು. ಆಲಮಟ್ಟಿಯ ಹಿನ್ನೀರು ಹಳೆಯ ಊರಿನ ಅಂಚಿಗೆ ಬಂದು ನಿಂತಿದ್ದರೂ ಏಪ್ರಿಲ್‌ನಲ್ಲಿ ನಮ್ಮ ಬೀದಿಗೆ ಟ್ಯಾಂಕರ್ ಬರುವುದನ್ನು ಕಂಡಿದ್ದ ಹುಡುಗ, “ಮಾಮಾ, ಇದು ನಮ್ಮ ಟ್ಯಾಂಕರ್ ಜಗಳಾನ ಅಲ್ಲೇನು?” ಎಂದು ಕೇಳಿದ್ದು ಸಹಜವಾಗಿಯೇ ಇತ್ತು.

ಮೊದಲ ಕಂತಿನಲ್ಲಿಯೇ ಒಂದು ದೃಶ್ಯವಿದೆ. ಸೀರೆಯುಟ್ಟು, ಮನೆಯಲ್ಲಿ ಮೊಮ್ಮಗನೊಂದಿಗೆ ನಕ್ಕು ಮಾತನಾಡಿದ ಕ್ರಿಸ್ಜೆನ್ ಅವಸರಾಲಾ ಎಂಬ ಹಿರಿಯ ಅಧಿಕಾರಿ, ಸೆರೆಸಿಕ್ಕ ಬೆಲ್ಟರ್ ಒಬ್ಬನ ವಿಚಾರಣೆಗೆ ಬರುತ್ತಾಳೆ. ಅವನನ್ನು ಯಾರೂ ಹೊಡೆಯುವುದಿಲ್ಲ, ಸುಡುವುದಿಲ್ಲ. ಕಡಿಮೆ ಗುರುತ್ವದಲ್ಲಿ ಬೆಳೆದು ನೀಳವಾದ, ಬಲವಿಲ್ಲದ ಆ ಮೈಯನ್ನು ಭೂಮಿಯ ಮೇಲೆ ಸುಮ್ಮನೆ ತೂಗುಹಾಕಿರುತ್ತಾರೆ. ನಾವು ದಿನವೂ ನಡೆದಾಡುವ ಈ ನೆಲದ ಸೆಳೆತವೇ ಅವನಿಗೆ ಚಿತ್ರಹಿಂಸೆಯಾಗುತ್ತದೆ. ಭೌತಶಾಸ್ತ್ರದ ಒಂದು ಸರಳ ಸಂಗತಿಯನ್ನು ಇಷ್ಟು ಕ್ರೂರವಾಗಿ ಬಳಸಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಇಂಥ ಅವಮಾನಗಳೆಲ್ಲ ಕೂಡುತ್ತ ಹೋಗಿ, ಐದನೆಯ ಸೀಸನ್ನಿನಲ್ಲಿ ಬೆಲ್ಟರ್‌ಗಳ ಒಂದು ಬಣ ಭೂಮಿಯ ಮೇಲೆಯೇ ಬಂಡೆಗಳನ್ನು ಎಸೆದಾಗ, ಸಾಲಕ್ಕೆ ಬಡ್ಡಿಯೂ ಸೇರಿ ಬಂದಂತಾಗುತ್ತದೆ. ಕೊನೆಯ ಸೀಸನ್ನಿಗೆ ಆರೇ ಕಂತುಗಳು ಸಿಕ್ಕಿದ್ದರಿಂದ ಅಲ್ಲಿ ಅವಸರ ಎದ್ದು ಕಾಣುತ್ತದೆ. ಹೊಲದ ಮಧ್ಯದಲ್ಲಿಯೇ ನೇಗಿಲು ಬಿಟ್ಟು ಹೋದಂತೆ ಕೆಲವು ಎಳೆಗಳು ಹಾಗೆಯೇ ಉಳಿಯುತ್ತವೆ.

‘ಗ್ಯಾಲಾಕ್ಟಿಕಾ’ ಎದೆ ಹಿಡಿಯುವಷ್ಟು ಉಳಿದೆರಡೂ ಹಿಡಿಯುವುದಿಲ್ಲ. ನಾನು ಹೇಳುತ್ತಿರುವುದು 1978ರ ಮೂಲವನ್ನಲ್ಲ, 2003ರ ಕಿರುಸರಣಿಯಿಂದ ಆರಂಭವಾಗಿ 2009ರಲ್ಲಿ ಮುಗಿದ ಹೊಸ ಆವೃತ್ತಿಯನ್ನು. ಮನುಷ್ಯರೇ ಸೃಷ್ಟಿಸಿದ ಸೈಲಾನ್ ಯಂತ್ರಗಳು ಹನ್ನೆರಡು ಲೋಕಗಳನ್ನು ನಾಶ ಮಾಡಿದ ಮೇಲೆ, ನಿವೃತ್ತಿಯಾಗಿ ಮ್ಯೂಸಿಯಂ ಆಗಬೇಕಿದ್ದ ಹಳೆಯ ಯುದ್ಧನೌಕೆಯೊಂದು, ತನ್ನ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಿರಲಿಲ್ಲ ಎಂಬ ಕಾರಣಕ್ಕೇ ಬದುಕುಳಿಯುತ್ತದೆ. ಅಧಿಕಾರದ ಸರದಿಯಲ್ಲಿ 43ನೆಯವಳಾಗಿದ್ದ ಶಿಕ್ಷಣ ಸಚಿವೆ ಲಾರಾ ರಾಸ್ಲಿನ್ ಅಧ್ಯಕ್ಷೆಯಾಗುತ್ತಾಳೆ, ಮತ್ತು ಉಳಿದವರ ಸಂಖ್ಯೆಯನ್ನು ಬಿಳಿಯ ಹಲಗೆಯೊಂದರ ಮೇಲೆ ಬರೆದಿಡುತ್ತಾಳೆ.

‘33’ ಎಂಬ ಕಂತಿನಲ್ಲಿ ಸೈಲಾನ್‌ಗಳು ಪ್ರತಿ 33 ನಿಮಿಷಕ್ಕೊಮ್ಮೆ ಬೆನ್ನಟ್ಟಿ ಬರುತ್ತಾರೆ. ಯಾರಿಗೂ ದಿನಗಟ್ಟಲೆ ನಿದ್ದೆಯಿಲ್ಲ. ಆರಂಭದಲ್ಲಿ 50,298 ಇದ್ದ ಅಂಕಿ ಕಂತಿನ ಕೊನೆಯ ಹೊತ್ತಿಗೆ 47,972ಕ್ಕೆ ಇಳಿದಿರುತ್ತದೆ, ಮತ್ತು ಆ ಇಳಿಕೆಯಲ್ಲಿ ಸಾವಿರಕ್ಕೂ ಹೆಚ್ಚು ಜನ ತಮ್ಮವರೇ ಹೊಡೆದುರುಳಿಸಿದ ಪ್ರಯಾಣಿಕ ನೌಕೆಯಲ್ಲಿದ್ದವರು. ಆಗ ಒಂದು ಮಗು ಹುಟ್ಟಿದ ಸುದ್ದಿ ಬರುತ್ತದೆ. ರಾಸ್ಲಿನ್ ಎದ್ದು ಹೋಗಿ ಕೊನೆಯ ಎರಡನ್ನು ಅಳಿಸಿ ಮೂರು ಮಾಡುತ್ತಾಳೆ. ಹಳೆಯ ಬಾಗಲಕೋಟೆಯ ನಮ್ಮ ಮನೆ ಮುಳುಗಡೆಗೆ ಸಿಕ್ಕಾಗ ಅಪ್ಪ ತಲಬಾಗಿಲ ಚೌಕಟ್ಟನ್ನು ಕಿತ್ತು ತಂದಿದ್ದರು. ಸರ್ವೆಗೆ ಬಂದವರು ಕೆಂಪು ಬಣ್ಣದಲ್ಲಿ ಬರೆದ ನಂಬರು ಅದರ ಮೇಲೆ ಇಂದಿಗೂ ಮಾಸಿಲ್ಲ. ಆ ದೃಶ್ಯ ಮುಗಿದ ಮೇಲೆ ನಾನು ಟಿವಿ ಆರಿಸಿ ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ಕುಳಿತಿದ್ದೆ.

ಮೂರನೆಯ ಸೀಸನ್ನಿನಲ್ಲಿ ಸೈಲಾನ್ ಆಕ್ರಮಣದಡಿ ಸಿಕ್ಕ ಮನುಷ್ಯರೇ ಆತ್ಮಾಹುತಿ ಬಾಂಬು ಕಟ್ಟಿಕೊಳ್ಳುತ್ತಾರೆ. ಅಮೆರಿಕದ ಸೈನ್ಯ ಇರಾಕಿನಲ್ಲಿದ್ದ 2006ರಲ್ಲಿ ಇದು ಅಮೆರಿಕದ ಟಿವಿಯಲ್ಲಿಯೇ ಪ್ರಸಾರವಾಯಿತೆಂಬುದು ಸಣ್ಣ ಎದೆಗಾರಿಕೆಯಲ್ಲ. ಆದರೆ ಕೊನೆಯ ಸೀಸನ್ನಿನಲ್ಲಿ ಕನಸು, ಭವಿಷ್ಯವಾಣಿಗಳು ಹೆಚ್ಚಾಗಿ, ಮನುಷ್ಯರು ತೀರಿಸಬೇಕಾದ ಎಷ್ಟೋ ಸಾಲಗಳನ್ನು ದೇವರ ಖಾತೆಗೆ ಬರೆದು ಕೈತೊಳೆದುಕೊಳ್ಳಲಾಗಿದೆ. ನನಗದು ಹಿಡಿಸಲಿಲ್ಲ, ಅಕ್ಕನ ಮಗನಿಗೆ ಬಹಳ ಹಿಡಿಸಿತು.

ಈ ‘ಗ್ಯಾಲಾಕ್ಟಿಕಾ’ವನ್ನು ರೂಪಿಸಿದ ರೊನಾಲ್ಡ್ ಡಿ. ಮೂರ್ ಅದಕ್ಕೂ ಮೊದಲು ‘ಡೀಪ್ ಸ್ಪೇಸ್ ನೈನ್’ನ ಬರಹಗಾರರಲ್ಲಿ ಒಬ್ಬರಾಗಿದ್ದರು. 1993ರಿಂದ 1999ರವರೆಗಿನ ಇದರ 176 ಕಂತುಗಳಿಗೆ ಸುಮಾರು 130 ಗಂಟೆ ಬೇಕು, ಮತ್ತು ಮೊದಲೆರಡು ಸೀಸನ್ನುಗಳಲ್ಲಿ ತಾಳ್ಮೆ ಬೇಕು. ದೃಶ್ಯಪರಿಣಾಮಗಳನ್ನು ಆ ಕಾಲದ ವಿಡಿಯೊ ಟೇಪಿನಲ್ಲಿಯೇ ಮುಗಿಸಿದ್ದರಿಂದ ದೊಡ್ಡ ಪರದೆಯಲ್ಲಿ ಚಿತ್ರ ಮಸುಕು. “ಮಾಮಾ, ಕಣ್ಣು ಉರಿತಾವ, ನೀ ಒಬ್ಬನ ನೋಡು” ಎಂದು ಹುಡುಗ ಮೂರನೆಯ ದಿನವೇ ಎದ್ದು ಹೋಗಿದ್ದ. ಆದರೆ ಇದು ಹಡಗಿನ ಕತೆಯಲ್ಲ, ಬಾಹ್ಯಾಕಾಶ ಠಾಣೆಯ ಕತೆ. ಜಗಳವಾಡಿ ಚುಕ್ಕಾಣಿ ತಿರುಗಿಸಿ ಹೋಗುವಂತಿಲ್ಲ. ದಬ್ಬಾಳಿಕೆ ಮಾಡಿದ ಕಾರ್ಡೇಸಿಯನ್ನರು ಕಟ್ಟಿದ ಗೋಡೆಗಳೊಳಗೆ, ಅದನ್ನು ಅನುಭವಿಸಿದ ಬಜೋರಿನವರೊಂದಿಗೆ ಬಾಳುವೆ ಮಾಡಬೇಕು.

ನನ್ನ ಅಳತೆಯನ್ನೇ ಮುರಿದ ಕಂತು ಇದರಲ್ಲಿದೆ, ಆರನೆಯ ಸೀಸನ್ನಿನ ಹತ್ತೊಂಬತ್ತನೆಯದು. ಪ್ರತಿ ಶುಕ್ರವಾರ ಯುದ್ಧದಲ್ಲಿ ಸತ್ತವರ ಪಟ್ಟಿ ಹಚ್ಚಿ ಹಚ್ಚಿ ಬೇಸತ್ತ ಠಾಣೆಯ ಮುಖ್ಯಸ್ಥ ಸಿಸ್ಕೊ, ಯುದ್ಧದಲ್ಲಿ ತಟಸ್ಥರಾಗಿದ್ದ ರಾಮ್ಯುಲನ್ನರನ್ನು ತನ್ನ ಪಕ್ಷಕ್ಕೆ ಸೆಳೆಯಲು ಸುಳ್ಳು ದಾಖಲೆ ಮಾಡಿಸುತ್ತಾನೆ. ಆ ಸುಳ್ಳು ಬಯಲಾದಾಗ ಅವನ ಜೊತೆಗಾರ ರಾಮ್ಯುಲನ್ನರ ಒಬ್ಬ ಸೆನೇಟರನನ್ನೇ ಕೊಲ್ಲುತ್ತಾನೆ. ಯುದ್ಧದ ದಿಕ್ಕು ಬದಲಾಗುತ್ತದೆ. ಇದನ್ನೆಲ್ಲ ಸಿಸ್ಕೊ ನೇರವಾಗಿ ನಮ್ಮತ್ತ ಕಣ್ಣಿಟ್ಟು ತನ್ನ ದಿನಚರಿಗೆ ಹೇಳುತ್ತಾನೆ, ಈ ಪಾಪ ಹೊತ್ತು ಬದುಕಬಲ್ಲೆ ಎಂದು ತನಗೆ ತಾನೇ ಮತ್ತೆ ಹೇಳಿಕೊಳ್ಳುತ್ತಾನೆ, ಆಮೇಲೆ ಆ ದಿನಚರಿಯನ್ನೇ ಅಳಿಸಿಬಿಡುತ್ತಾನೆ. ಇಲ್ಲಿ ಸಾಲ ವಸೂಲಾಗುವುದಿಲ್ಲ. ಸಾಲಪತ್ರವನ್ನು ಅಧಿಕಾರಿಯೇ ಹರಿದು ಹಾಕಿದ್ದನ್ನು ಕಂಡವರು ನಾವು ಮಾತ್ರ.

ಹೊಸದಾಗಿ ಆರಂಭಿಸುವವರಿಗೆ ನಾನು ‘ಎಕ್ಸ್‌ಪಾನ್ಸ್’ ಅನ್ನೇ ಮೊದಲು ಹೇಳುತ್ತೇನೆ. ಆದರೆ ಮರಳಿ ನೋಡಲು ಮನಸ್ಸಾಗುವುದು ‘ಡೀಪ್ ಸ್ಪೇಸ್ ನೈನ್’ ಮಾತ್ರ. ಹಾಸ್ಟೆಲ್ಲಿನಲ್ಲಿ ಹುಡುಗ ಅದನ್ನು ಮೊಬೈಲಿನಲ್ಲಿ ಮತ್ತೆ ಹಚ್ಚಿದ್ದಾನೆ. ಸಣ್ಣ ಪರದೆಯಲ್ಲಿ ಮಸುಕು ಗೊತ್ತಾಗುವುದಿಲ್ಲವಂತೆ. ಐದನೆಯ ಸೀಸನ್ನಿಗೆ ಬಂದಿದ್ದಾನೆ. ಆರನೆಯದರ ಹತ್ತೊಂಬತ್ತನೆಯ ಕಂತನ್ನು ಮಾತ್ರ ಊರಿಗೆ ಬಂದ ಮೇಲೆಯೇ ನೋಡಬೇಕೆಂದು ತಾಕೀತು ಮಾಡಿದ್ದೇನೆ.